ಉಪ್ಪು ಕಟ್ಟಿದ ಬಾಯಿ

“ಗುರಮ್ಮ, ಒಬ್ಬರ ಮೇಲೆ ಅನುಮಾನ ಬಂದರೆ ಅದನ್ನು ಕೆದಕಿ ನೋಡುವುದು ತಪ್ಪೇ?” ಎಂದು ಶಿಷ್ಯೆ ಕೇಳಿದಳು.

ಗುರಮ್ಮ ತಲೆ ಎತ್ತಲಿಲ್ಲ. “ಯಾರ ಮೇಲೆ?” ಎಂದರು.

“ನನ್ನ ಜೊತೆಗೇ ಮಠಕ್ಕೆ ಸೇರಿದವಳ ಮೇಲೆ. ಸಂಜೆಯಾದರೆ ಹಿಂಬಾಗಿಲಿನಿಂದ ಹೋಗುತ್ತಾಳೆ. ಎಲ್ಲಿಗೆ ಎಂದರೆ ನಗುತ್ತಾಳೆ. ನಾಳೆ ಊಟದ ಪಂಕ್ತಿಯಲ್ಲಿ ಎಲ್ಲರ ಎದುರು ಕೇಳಿಬಿಡೋಣ ಎಂದಿದ್ದೇನೆ. ಮನಸ್ಸಿನಲ್ಲಿ ಕೊಳೆ ಕಟ್ಟಿದ್ದರೆ ತೆಗೆಯಬೇಕಲ್ಲವೇ?”

“ತೆಗೆಯಬೇಕು. ಯಾವುದರಿಂದ ತೆಗೆಯುತ್ತೀ ಎನ್ನುವುದು ಮಾತು. ಕೂತುಕೋ, ಒಂದು ಕತೆ ಹೇಳುತ್ತೇನೆ. ಇದರಲ್ಲಿ ಯಾರಿಗೂ ಹೆಸರಿಲ್ಲ. ಹೆಸರು ಹೇಳಿದರೆ ನೀನು ಊರು ಹುಡುಕುತ್ತೀ, ಊರು ಹೇಳಿದರೆ ಮನೆ ಹುಡುಕುತ್ತೀ.”

ಶಿಷ್ಯೆ ಕೂತಳು. ಗುರಮ್ಮ ಹೇಳತೊಡಗಿದರು.

ಕಡಲ ಹಿನ್ನೀರಿನ ಬದಿಯ ಒಂದು ಉಪ್ಪಿನ ಆಗರದಲ್ಲಿ ಒಬ್ಬಳು ಕೆಲಸದವಳಿದ್ದಳು. ಗಂಡ ಸತ್ತಿದ್ದ. ಇದ್ದವನು ಒಬ್ಬನೇ ಮಗ, ಅವನಿಗೊಬ್ಬಳು ಹೆಂಡತಿ. ಮನೆಯಲ್ಲಿ ಅವಳು ಅತ್ತೆ. ಆಗರದಲ್ಲಿಯೂ ಎಲ್ಲರಿಗೂ ಅವಳು ಅತ್ತೆಯಂತೆಯೇ. ಉಪ್ಪಿನ ಪಾತಿಗೆ ಯಾರು ಇಳಿಯಬೇಕು, ಯಾವಾಗ ಇಳಿಯಬೇಕು ಎಂದು ಅವಳೇ ಹೇಳಬೇಕು.

ಆ ಆಗರದಲ್ಲಿ ಒಂದು ಕಟ್ಟಳೆ ಇತ್ತು. ಪಾತಿಯೊಳಗೆ ಕಬ್ಬಿಣ ಇಳಿಯಬಾರದು. ಮಣ್ಣಿನ ನೆಲವನ್ನು ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡಿರುತ್ತಾರೆ. ಅದರ ಮೇಲೆ ಉಪ್ಪುನೀರು ನಿಂತು, ಬಿಸಿಲಿಗೆ ಆರಿ, ಉಪ್ಪು ತಾನಾಗಿ ಏಳುತ್ತದೆ. ಎದ್ದ ಉಪ್ಪನ್ನು ಮರದ ಹಲಗೆಯಿಂದ ಮೆಲ್ಲಗೆ ಎಳೆದುಕೊಳ್ಳಬೇಕು. ಆತುರ ಬಿದ್ದು ಕಬ್ಬಿಣ ತಾಗಿಸಿದರೆ ನೆಲ ಕಿತ್ತು ಬರುತ್ತದೆ. ಆಮೇಲೆ ಆ ಪಾತಿಯ ಉಪ್ಪು ಕಪ್ಪು. ಒಮ್ಮೆ ಒಬ್ಬ ಹೊಸಬ ಕಬ್ಬಿಣದ ಸಲಿಕೆ ಹಿಡಿದು ಇಳಿದಿದ್ದ. ಅತ್ತೆ ಅದನ್ನು ಕಿತ್ತು ಹಿನ್ನೀರಿಗೆ ಎಸೆದಳು. “ನಿನ್ನ ಅವಸರಕ್ಕೆ ನನ್ನ ನೆಲ ಹಾಳಾಗ್ಬೇಕಾ?” ಎಂದು ಬಯ್ದಳು. ಅವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಅವಳಿಗೆ ಇನ್ನೊಂದು ಕಸುಬಿತ್ತು. ಅದಕ್ಕೆ ಕೂಲಿಯಿಲ್ಲ, ರಜೆಯೂ ಇಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಸಂಜೆಯ ತನಕ ಅವಳೂ ಎದುರುಮನೆಯವಳೂ ಜಗಲಿಯಲ್ಲಿ ಕೂತು, ದೊಡ್ಡ ದಬ್ಬಣಕ್ಕೆ ಸುತಳಿ ಪೋಣಿಸಿ, ಉಪ್ಪಿನ ಗೋಣಿಚೀಲಗಳ ಬಾಯಿ ಹೊಲಿಯುತ್ತಿದ್ದರು. ಚೀಲದ ಬಾಯಿ ಮುಚ್ಚುತ್ತಿತ್ತು, ಇವರ ಬಾಯಿ ಬಿಚ್ಚುತ್ತಿತ್ತು. ಯಾರ ಮನೆಯ ಮದುವೆ ಯಾಕೆ ನಿಂತಿತು, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬರಲಿಲ್ಲ, ಯಾರ ಕೂಸಿನ ಮೂಗು ಯಾರ ಹಾಗಿದೆ, ಎಲ್ಲವೂ ಆ ಜಗಲಿಯಲ್ಲಿ ತೀರ್ಮಾನವಾಗುತ್ತಿತ್ತು. ಅತ್ತೆ ಸುಳ್ಳು ಹೇಳುತ್ತಿರಲಿಲ್ಲ. ಅರ್ಧ ಕಂಡದ್ದಕ್ಕೆ ಉಳಿದರ್ಧ ಸೇರಿಸುತ್ತಿದ್ದಳು, ಅಷ್ಟೇ.

ಮಗ ಮೀನಿನ ಬೋಟಿಗೆ ಹೋಗುತ್ತಿದ್ದ. ಹೋದರೆ ತಿಂಗಳುಗಟ್ಟಲೆ ಮನೆಯಿಲ್ಲ. ಬೋಟು ದಡದ ಹತ್ತಿರ ಬಂದು ಸಿಗ್ನಲ್ ಸಿಕ್ಕಾಗ ಹೆಂಡತಿಗೆ ಫೋನ್ ಮಾಡುತ್ತಿದ್ದ. ಹೆಂಡತಿ ಆ ಫೋನನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಪಾತಿಗೆ ಇಳಿಯುತ್ತಿದ್ದಳು, ಕರೆ ತಪ್ಪಬಾರದೆಂದು. ಮೈಯ ಬೆವರು, ಪಾತಿಯ ನೀರು, ಉಪ್ಪಿನ ಗಾಳಿ. ಒಂದು ದಿನ ನೋಡುತ್ತಾಳೆ, ಚಾರ್ಜರ್ ಸಿಕ್ಕಿಸುವ ಬಾಯಿಯೊಳಗೆ ಬೆಳ್ಳಗೆ ಉಪ್ಪು ಕಟ್ಟಿದೆ. ವೈರು ಒಳಗೆ ಹೋಗುವುದಿಲ್ಲ. ಹೋದರೂ ಹಿಡಿಯುವುದಿಲ್ಲ. ಸಂಜೆಯೊಳಗೆ ಫೋನ್ ಆರಿಹೋಯಿತು.

ಸೊಸೆ ಪೇಟೆಗೆ ಹೋದಳು. ಬಸ್ ಸ್ಟ್ಯಾಂಡಿನ ಪಕ್ಕ ಒಬ್ಬ ಫೋನ್ ರಿಪೇರಿಯವನಿದ್ದ. ಇನ್ನೂ ಮದುವೆಯಾಗದವನು. ಇದನ್ನು ಅತ್ತೆ ಮೊದಲೇ ಕೇಳಿ ತಿಳಿದುಕೊಂಡಿದ್ದಳು.

ಸೊಸೆ ತಿರುಗಿ ಬಂದು ನಡೆದದ್ದನ್ನೆಲ್ಲ ಹೇಳಿದಳು.

“ಅತ್ತೆ, ಇದು ಧೂಳಲ್ಲ ಅಂತೆ, ಉಪ್ಪಂತೆ. ಒಳಗೆ ಕೂದಲಿನಷ್ಟು ಸಣ್ಣ ಹಲ್ಲುಗಳಿವೆಯಂತೆ. ಪಿನ್ನು, ಸೂಜಿ ಹಾಕಿದ್ರೆ ಹಲ್ಲು ಮುರೀತದೆ ಅಂದ. ನೀರು ಹಾಕಿದ್ರೆ ಉಪ್ಪು ಕರಗಿ ಮತ್ತೂ ಒಳಗೆ ಇಳೀತದೆ ಅಂದ. ಬಾಯಿ ಕೆಳಗೆ ಮಾಡಿ ಹಿಡಿದು, ಮೆತ್ತನೆ ಒಣ ಬ್ರಶ್ಶಿಂದ ಮೇಲಿನ ಪದರ ಮಾತ್ರ ಉದುರಿಸಿದ. ಆಮೇಲೆ ಬ್ರಶ್ಶಿನ ತುದಿಗೆ ಒಂದು ಚೂರು ಸ್ಪಿರಿಟ್ ಮುಟ್ಟಿಸಿ ಆಡಿಸಿದ. ಇವತ್ತಿಗೆ ಇಷ್ಟೇ, ಒಣಗ್ಲಿ, ನಾಳೆ ಇನ್ನೊಂದು ಪದರ ಅಂದ. ಅಲ್ಲಿ ತನಕ ಚಾರ್ಜಿಗೆ ಹಾಕ್ಬಾರ್ದಂತೆ.”

“ಫೋನು ಅಲ್ಲೇ ಬಿಟ್ಟು ಬರೂಕೆ ಆಗ್ಲಿಲ್ವಾ?”

“ಅದ್ಹೇಗೆ ಬಿಡೂದು ಅತ್ತೆ? ಅದ್ರಲ್ಲಿ ನನ್ನ ಫೋಟೋ ಉಂಟು, ಇವರ ಮಾತುಂಟು. ಪರ ಗಂಡಸಿನ ಕೈಯಲ್ಲಿ ಬಿಟ್ಟು ಬಂದ್ರೆ ಜನ ಎಂತ ಹೇಳ್ತಾರೆ?”

ಬಿಟ್ಟು ಬಂದರೆ ಒಂದು ಮಾತು, ಕೂತು ಮಾಡಿಸಿಕೊಂಡು ಬಂದರೆ ಇನ್ನೊಂದು ಮಾತು. ಸೊಸೆ ಎರಡನೆಯದನ್ನು ಆರಿಸಿಕೊಂಡಿದ್ದಳು. ಅತ್ತೆ ಕೇಳಿಸಿಕೊಂಡಳು. ಆದರೆ ಕಿವಿ ಮಾತಿನ ಮೇಲಿರಲಿಲ್ಲ, ಕಣ್ಣು ಸೊಸೆಯ ಮುಖದ ಮೇಲಿತ್ತು. ಮುಖ ತೊಳೆದುಕೊಂಡು ಹೋಗಿದ್ದಾಳೆ. ಹೂವನ್ನೂ ಮುಡಿದಿದ್ದಾಳೆ.

ಮರುದಿನವೂ ಸೊಸೆ ಹೋದಳು. ಅದರ ಮರುದಿನವೂ ಹೋದಳು. ಜಗಲಿಯಲ್ಲಿ ಗೋಣಿ ಹೊಲಿಯುತ್ತ ಎದುರುಮನೆಯವಳು ಶುರುಮಾಡಿದಳು.

“ನಿನ್ನ ಸೊಸೆ ಇವತ್ತೂ ಪೇಟೆಗಾ ಮಾರಾಯ್ತಿ?”

“ಹೌದು. ಫೋನಿಗೆ ಉಪ್ಪು ಹಿಡ್ದಿದೆಯಂತೆ.”

“ಫೋನಿಗೋ ಅವಳಿಗೋ?”

ಅತ್ತೆ ನಕ್ಕಳು. ನಗಬಾರದಿತ್ತು. ನಕ್ಕದ್ದೇ ಬಾಗಿಲು ತೆಗೆದ ಹಾಗಾಯಿತು.

“ನಾ ಬಸ್ಸಿಂದ ಇಳಿಯುವಾಗ ಕಂಡೆ,” ಎಂದಳು ಎದುರುಮನೆಯವಳು. “ಅವ ಸಣ್ಣ ಬ್ರಶ್ ಹಿಡ್ಕಂಡು ಮೆಲ್ಲಗೆ, ಮೆಲ್ಲಗೆ ಆಡಿಸ್ತಾ ಇದ್ದ. ಇವಳು ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ದೇವರಿಗೆ ಆರತಿ ಎತ್ತುವಾಗ್ಲೂ ಅವಳಿಗೆ ಅಷ್ಟು ಭಕ್ತಿ ನಾ ಕಾಣ್ಲಿಲ್ಲ.”

“ಒಂದು ತೂತಿನ ಉಪ್ಪು ತೆಗೆಯೂಕೆ ಅವನಿಗೆ ಎಷ್ಟು ಸಂಜೆ ಬೇಕು? ಇಡೀ ಆಗರದ ಉಪ್ಪು ನಾವು ಎಳ್ದು ಹಾಕ್ತೇವೆ.”

“ಬೇಗ ಮುಗಿಸೂಕೆ ಅವನಿಗೂ ಮನಸ್ಸಿಲ್ಲ, ಇವಳಿಗೂ ಮನಸ್ಸಿಲ್ಲ. ನಿನ್ನ ಮಗ ಪಾಪ, ಸಮುದ್ರದ ಮಧ್ಯ ಬಲೆ ಎಳೀತಾ ಇದ್ದಾನೆ.”

ಅತ್ತೆ ದಬ್ಬಣವನ್ನು ಚೀಲಕ್ಕೆ ಚುಚ್ಚಿ ಎಳೆದಳು. ಮಾತು ಅವಳಿಗೆ ರುಚಿಸಿತು. ಊರಿನ ಎಲ್ಲ ಮನೆಗಳ ಕತೆ ಹೊಲಿದವಳಿಗೆ ತನ್ನ ಮನೆಯಲ್ಲೇ ಒಂದು ಕತೆ ಹುಟ್ಟಿತಲ್ಲ ಎಂದು ಒಳಗೊಳಗೇ ಒಂದು ಬಗೆಯ ಉರಿ. ಉರಿಯ ಕೆಳಗೆ ಒಂದು ಬಗೆಯ ಸುಖ. ಅದನ್ನು ಅವಳು ಸಿಟ್ಟು ಎಂದುಕೊಂಡಳು.

ಅದೇ ಹೊತ್ತಿಗೆ ಎದುರುಮನೆಯವಳ ಫೋನ್ ಹೊಡೆದುಕೊಂಡಿತು. ಮಾಡಿದವನು ಅತ್ತೆಯ ಮಗ. ಎದುರುಮನೆಯವಳು ಸ್ಪೀಕರ್ ಹಾಕಿಯೇ ಕೊಟ್ಟಳು. ತಾನೂ ಕೇಳಬೇಕಲ್ಲ.

“ಅಮ್ಮಾ, ಅವಳ ಫೋನು ಯಾಕೆ ಹತ್ತೂದಿಲ್ಲ?”

ಉಪ್ಪು ಹಿಡಿದಿದೆ ಮಗಾ, ಸರಿ ಮಾಡಿಸ್ತಾ ಇದ್ದಾಳೆ. ಇಷ್ಟೇ ಹೇಳಬೇಕಾಗಿದ್ದದ್ದು. ನಾಲಿಗೆಯ ತುದಿಗೆ ಬಂದೂ ಇತ್ತು. ಎದುರುಮನೆಯವಳು ಹೊಲಿಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದಳು.

“ಫೋನಿಗೆ ಎಂತ ಆಗಿದೆಯೋ ನಂಗೆ ಗೊತ್ತಿಲ್ಲ,” ಎಂದಳು ಅತ್ತೆ. “ಸಂಜೆಯಾದ್ರೆ ಪೇಟೆಯಲ್ಲಿ ಒಬ್ಬನ ಮುಂದೆ ಕೂತು ಬರ್ತಾಳೆ. ಕೇಳಿದ್ರೆ ಫೋನು ಅಂತಾಳೆ.”

ಆ ಕಡೆಯಿಂದ ಬೋಟಿನ ಎಂಜಿನ್ನಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಮಗ ಹೇಳಿದ, “ನಾಳೆ ಬೋಟು ದಡಕ್ಕೆ ಹತ್ತುತ್ತದೆ. ಸೀದಾ ಮನೆಗೆ ಬರ್ತೆ. ಆ ಫೋನು ನಾನೇ ನೋಡ್ತೆ. ಅದ್ರಲ್ಲಿ ಅವನ ಹೆಸರು ಕಂಡ್ರೆ ಅವಳು ಈ ಮನೆಯಲ್ಲಿ ಇರೂದಿಲ್ಲ.”

ಸ್ಪೀಕರಿನ ಮಾತನ್ನು ಕೇರಿಯೇ ಕೇಳಿತು. ಪೇಟೆಯಿಂದ ಬಂದು ಅಂಗಳಕ್ಕೆ ಕಾಲಿಟ್ಟ ಸೊಸೆಯೂ ಕೇಳಿದಳು. ಅವಳು ಅಳಲಿಲ್ಲ. ಅತ್ತೆ ಅಳುವಿಗಾಗಿ ಕಾದಿದ್ದಳು.

“ಬರ್ಲಿ,” ಎಂದಳು ಸೊಸೆ. “ನೋಡ್ಲಿ. ನಂಗೂ ಅದೇ ಬೇಕು. ಉಪ್ಪು ಹೆಚ್ಚುಕಮ್ಮಿ ಪೂರಾ ಹೋಯ್ತು ಅತ್ತೆ. ಮೂಲೆಯಲ್ಲಿ ಒಂಚೂರು ಉಂಟು. ಒಳಗೆ ಇನ್ನೂ ಹಸಿ ಇದೆ. ನಾಳೆ ಮಧ್ಯಾಹ್ನದ ಹೊತ್ತಿಗೆ ಒಣಗ್ತದೆ, ಒಂದು ಸಲ ಬ್ರಶ್ ಆಡಿಸಿ ಚಾರ್ಜಿಗೆ ಹಾಕು ಅಂದಿದ್ದಾನೆ. ಇವರು ಬರುವಷ್ಟರಲ್ಲಿ ಹತ್ತುತ್ತದೆ. ಅವರ ಕೈಗೇ ಕೊಡ್ತೆ. ಅಲ್ಲಿ ತನಕ ಯಾರೂ ಮುಟ್ಟೂದು ಬೇಡ.”

ಫೋನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಳು. ಅವಳಿಗೆ ಬೇರೆ ಸಾಕ್ಷಿ ಇರಲಿಲ್ಲ. ಗಂಡ ಅವಳ ಮಾತು ನಂಬುವ ಹಂತ ದಾಟಿದ್ದ. ಊರು ಎಂದೂ ನಂಬಿರಲಿಲ್ಲ. ಅವಳ ಪರವಾಗಿ ಮಾತಾಡಬೇಕಾದದ್ದು ಆ ಫೋನ್ ಒಂದೇ. ಅದಕ್ಕೆ ಬಾಯಿ ಬರಲು ಒಂದು ಬೆಳಗು ಬಾಕಿ ಇತ್ತು.

ಯಾರೂ ಮುಟ್ಟೂದು ಬೇಡ. ಆ ಮಾತು ಅತ್ತೆಯ ಎದೆಯಲ್ಲಿ ಕೂತಿತು. ಯಾಕೆ ಮುಟ್ಟಬಾರದು? ಇವಳೇ ಮೊದಲು ತೆರೆದು, ಇರುವುದನ್ನೆಲ್ಲ ಅಳಿಸಿ, ಆಮೇಲೆ ಗಂಡನ ಕೈಗೆ ಕೊಡುತ್ತಾಳೆ. ಅತ್ತೆಗೆ ಓದು ಬಾರದು. ಫೋಟೋ ನೋಡಲು ಓದು ಯಾಕೆ? ಫೋನಿನ ಬೀಗ ತೆಗೆಯುವ ಗೆರೆಯನ್ನು ಸೊಸೆ ಬೆರಳಿನಿಂದ ಎಳೆಯುವಾಗ ಬೆನ್ನ ಹಿಂದೆ ನಿಂತು ಎಂದೋ ಕಲಿತಿದ್ದಳು. ಮಗನಿಗಿಂತ ಮೊದಲು ತಾನು ನೋಡಬೇಕು. ನೋಡಿದ್ದನ್ನು ಜಗಲಿಯಲ್ಲಿ ಕೂತು ಹೇಳಬೇಕು. ಅದರ ಸುಖವನ್ನು ನೆನೆಸಿಯೇ ಅವಳ ಬಾಯಲ್ಲಿ ನೀರು ಬಂತು.

ಮರುದಿನ ಬೆಳಿಗ್ಗೆ ಸೊಸೆ ಕೊಡ ಹಿಡಿದು ನೀರಿಗೆ ಹೋದಳು. ಅತ್ತೆ ದೇವರ ಗೂಡಿಗೆ ಕೈಹಾಕಿದಳು.

ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಳು. ಮೂಲೆಯಲ್ಲಿ ಬೆಳ್ಳಗೆ ಒಂದು ಗೆರೆ. ಇಷ್ಟಕ್ಕೆ ಇಷ್ಟು ದಿನವಾ, ಎಂದುಕೊಂಡಳು. ಸುತ್ತ ನೋಡಿದಳು. ಜಗಲಿಯ ಮೇಲೆ, ಅರ್ಧ ಹೊಲಿದ ಚೀಲದ ಬಾಯಲ್ಲಿ ದಬ್ಬಣ ಚುಚ್ಚಿಕೊಂಡಿತ್ತು.

ಪಾತಿಗೆ ಕಬ್ಬಿಣ ತಂದವನನ್ನು ಆಗರ ಬಿಡಿಸಿದವಳು ಫೋನಿನ ಬಾಯಿಗೆ ಕಬ್ಬಿಣ ಇಳಿಸಿದಳು. ಉಪ್ಪು ಪುಡಿಯಾಗಿ ಉದುರಿತು. ಅವಳಿಗೆ ಖುಷಿಯಾಯಿತು. ಇನ್ನೂ ಸ್ವಲ್ಪ ಒತ್ತಿದಳು. ಉಪ್ಪಿನ ಜೊತೆ ಏನೋ ಹೊಳೆಯುವಂಥದ್ದು, ಚಿನ್ನದ ಬಣ್ಣದ ಒಂದು ಸಣ್ಣ ಚೂರು, ಅಂಗೈ ಮೇಲೆ ಬಿತ್ತು. ಅದೂ ಕೊಳೆಯೇ ಇರಬೇಕೆಂದು ಊದಿಬಿಟ್ಟಳು. ತೀರ ಒಳಗೆ ಇನ್ನೂ ಬಿಳಿ ಕಾಣುತ್ತಿತ್ತು. ಉಪ್ಪು ಕರಗಲು ಏನು ಬೇಕು ಎಂದು ಉಪ್ಪಿನವಳಿಗೆ ಯಾರು ಹೇಳಿಕೊಡಬೇಕು? ಬೆರಳು ಅದ್ದಿ ಬಾವಿಯ ಸಿಹಿನೀರು ಹನಿಸಿದಳು. ಸೆರಗಿನ ತುದಿ ಹೊಸೆದು ಒರೆಸಿದಳು. ಚಾರ್ಜರ್ ಒತ್ತಿ ಸಿಕ್ಕಿಸಿ ಸ್ವಿಚ್ ಹಾಕಿ, ಸ್ವಲ್ಪ ಹೊತ್ತು ಕಾದು ಫೋನಿನ ಗುಂಡಿ ಒತ್ತಿದಳು.

ಹತ್ತಿತು. ಒಂದು ಗಳಿಗೆ ಪರದೆ ಬೆಳಗಿತು. ಮಗನೂ ಸೊಸೆಯೂ ನಿಂತ ಮದುವೆಯ ಫೋಟೋ. ಅತ್ತೆ ಗೆರೆ ಎಳೆಯಲು ಬೆರಳು ಚಾಚಿದಳು. ಬೆರಳಿಗೆ ಬಿಸಿ ತಾಗಿತು. ಸುಟ್ಟ ವಾಸನೆ ಬಂತು. ಬಾಯಿಯೊಳಗಿಂದ ದಾರದಷ್ಟು ಹೊಗೆ ಎದ್ದಿತು. ಪರದೆ ಕಪ್ಪಾಯಿತು.

ಅವಳು ವೈರು ಕಿತ್ತಳು. ಆಮೇಲೆ ಫೋನನ್ನು ಹಾಗೆಯೇ ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಳು. ದಬ್ಬಣವನ್ನು ಚೀಲಕ್ಕೆ ಚುಚ್ಚಿದಳು.

ಮಗ ಬಂದ. ಕಾಲು ತೊಳೆಯಲಿಲ್ಲ. “ಎಲ್ಲಿ?” ಎಂದ. ಸೊಸೆ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಅವನ ಎದುರೇ ಬಿಚ್ಚಿದಳು. ಬಾಯಿಯ ಸುತ್ತ ಕಪ್ಪು ಹಿಡಿದಿತ್ತು.

“ಸುಟ್ಟು ಹಾಕಿದ್ಯಾ?” ಎಂದ ಮಗ.

ಬಟ್ಟೆಯ ಮೇಲೆ ಸುತಳಿಯ ಒಂದು ನಾರು ಅಂಟಿಕೊಂಡಿತ್ತು. ಸೊಸೆ ಅದನ್ನು ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು.

“ಅತ್ತೆ, ನೀವು ಹೇಳಿ. ಒಂದು ಮಾತು ಹೇಳಿ.”

ಊರಿನ ಎಲ್ಲರ ಮಾತು ಆಡಿದ ಬಾಯಿ ಅದು. ಆಡಬೇಕಾದ ಒಂದು ಮಾತಿಗೆ ಉಪ್ಪು ಕಟ್ಟಿತು. ಎದುರುಮನೆಯವಳು ತನ್ನ ಬಾಗಿಲಲ್ಲಿ ನಿಂತಿದ್ದಳು. ಕೇರಿಯವರೆಲ್ಲ ನಿಂತಿದ್ದರು. ಅತ್ತೆ ನೆಲ ನೋಡಿದಳು.

“ನಂಗೆಂತ ಗೊತ್ತು?” ಎಂದಳು.

ಸೊಸೆ ಉಟ್ಟ ಸೀರೆಯಲ್ಲೇ ಅಂಗಳ ಇಳಿದಳು. ತವರಿಗೆ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಅಣ್ಣ ಬಾಗಿಲಲ್ಲೇ ನಿಂತು, “ತಪ್ಪಿಲ್ಲದಿದ್ರೆ ಫೋನು ಯಾಕೆ ಸುಟ್ಟೆ?” ಎಂದು ಕೇಳಿದ. ಅವಳು ಅಲ್ಲಿಂದಲೂ ತಿರುಗಿದಳು. ರಿಪೇರಿಯವನ ಜೊತೆ ಓಡಿಹೋಗಿದ್ದಾಳೆ ಎಂದು ಕೇರಿಯಲ್ಲಿ ಮಾತು ಹುಟ್ಟಿತು. ಅವನು ಎಂದಿನಂತೆ ಅಂಗಡಿಯಲ್ಲೇ ಕೂತಿದ್ದ. ಕಡಲು ಉಬ್ಬಿ ಬಂದ ಭರತದ ನೀರನ್ನು ಪಾತಿಗೆ ಬಿಡಲು ಆಗರದವರು ತೂಬಿನ ಹಲಗೆ ಎತ್ತಿದಾಗ ಅವಳ ಹೆಣ ಅಲ್ಲಿತ್ತು.

ಆಮೇಲೂ ಜಗಲಿಯಲ್ಲಿ ಗೋಣಿ ಹೊಲಿಯುವುದು ನಿಲ್ಲಲಿಲ್ಲ. “ತಪ್ಪಿಲ್ಲದವಳು ಯಾಕೆ ಸಾಯ್ತಾಳೆ, ಅಲ್ದಾ?” ಎಂದಳು ಎದುರುಮನೆಯವಳು. ಅತ್ತೆಯ ದಬ್ಬಣ ಚೀಲ ತಪ್ಪಿ ಅವಳ ಹೆಬ್ಬೆರಳಿಗೆ ಚುಚ್ಚಿತು. ಅದರ ಮೇಲೆ ಉಪ್ಪು ಬಿತ್ತು. ಅವಳು ಕೈ ಹಿಂದೆಗೆಯಲಿಲ್ಲ.

ಮಗ ಬೋಟಿಗೆ ಹೋದ. ಹೋಗುವಾಗ ಹೇಳಿ ಹೋಗಲಿಲ್ಲ. ಅತ್ತೆ ಬಿಳಿ ಬಟ್ಟೆಯ ಗಂಟು ಹಿಡಿದು ಪೇಟೆಗೆ ನಡೆದಳು. ಸೊಸೆ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಳು.

“ತಮ್ಮಾ, ಇದನ್ನು ಒಂದು ಸಲ ಹತ್ತಿಸಿ ಕೊಡು. ಒಂದೇ ಸಲ. ಒಳಗೆ ಎಂತ ಇತ್ತು ಅಂತ ನಂಗೆ ನೋಡ್ಬೇಕು.”

ಅವನು ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿದ. ಹಿಂದೆಮುಂದೆ ತಿರುಗಿಸಿ ನೋಡಿದ. ಮಸೂರ ತೆಗೆದು ಮೇಜಿನ ಮೇಲಿಟ್ಟ.

“ಇದಕ್ಕೆ ಕಬ್ಬಿಣ ಹಾಕಿದ್ದು ಯಾರು?”

ಅತ್ತೆ ಸೆರಗಿನ ತುದಿ ಹೊಸೆಯತೊಡಗಿದಳು.

“ಹಲ್ಲು ಪೂರಾ ಕಿತ್ತು ಬಂದಿದೆ. ಮೇಲಿಂದ ನೀರು ಹಾಕಿದ್ದಾರೆ. ಹಸಿ ಇರುವಾಗ್ಲೇ ಕರೆಂಟು ಕೊಟ್ಟಿದ್ದಾರೆ. ಒಳಗಿನ ಬೋರ್ಡೇ ಸುಟ್ಟಿದೆ. ಇನ್ನು ಯಾರ ಕೈಯಿಂದಲೂ ಆಗೂದಿಲ್ಲ.” ಅವನು ಬಟ್ಟೆಯನ್ನು ಮೊದಲಿದ್ದ ಹಾಗೆಯೇ ಮಡಿಸಿ ಮುಂದಿಟ್ಟ. “ಉಪ್ಪು ಬಿಟ್ಟಾಗಿತ್ತು ಅಮ್ಮಾ. ಒಣಗೂದು ಒಂದೇ ಬಾಕಿ ಇತ್ತು.”

ಅತ್ತೆ ಗಂಟು ಎತ್ತಿಕೊಂಡು ಎದ್ದಳು. ಒಳಗೆ ಇದ್ದದ್ದು ಏನು, ಇಲ್ಲದ್ದು ಏನು ಎಂದು ಅವಳಿಗೆ ಸಾಯುವ ತನಕ ತಿಳಿಯಲಿಲ್ಲ. ಪಾತಿಗೆ ಕಬ್ಬಿಣ ತಂದವರನ್ನು ಮಾತ್ರ ಕೊನೆಯ ತನಕ ಬಯ್ಯುತ್ತಿದ್ದಳು.

ಗುರಮ್ಮ ನಿಲ್ಲಿಸಿದರು.

ಶಿಷ್ಯೆಯ ಕಣ್ಣು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿಕೊಂಡಳು. ಏಳಲು ಹೊರಟವಳು ಮತ್ತೆ ಕೂತಳು. ಗುರಮ್ಮನ ಹತ್ತಿರಕ್ಕೆ ಸರಿದು ದನಿ ತಗ್ಗಿಸಿದಳು.

“ಗುರಮ್ಮ, ನಿಮಗೆ ಗೊತ್ತಿರಬಹುದು. ಆ ಸೊಸೆಗೂ ಅಂಗಡಿಯವನಿಗೂ ನಿಜವಾಗಿ ಏನಾದರೂ ಇತ್ತೇ?”

ಗುರಮ್ಮ ಅವಳ ಬರಿಗೈಯನ್ನು ನೋಡಿದರು.

“ಮೊದಲು ಆ ದಬ್ಬಣ ಕೆಳಗಿಡು,” ಎಂದರು.